ಎರಡನೇ ಗೇರಿನಲ್ಲಿ ಅತ್ತೆ

ಕಾರು ಕಲಿಯಲು ಬಂದವರು ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರ ಬಾಯಲ್ಲೂ ಅವಳು ಬ್ರೇಕ್ ಮೇಡಂ. ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ ಪಕ್ಕದ ಸೀಟಿನಲ್ಲಿ ಕೂತ ಅವಳು ಅದೊಂದೇ ಪದವನ್ನು ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದಳು. ಮೆಲ್ಲಗೆ ಹೇಳಿದರೆ ಎಚ್ಚರಿಕೆ, ಎಳೆದು ಹೇಳಿದರೆ ಬೇಸರ, ಕಿರುಚಿದರೆ ಎದುರಿಗೆ ಲಾರಿ ಬರುತ್ತಿದೆ ಎಂದು ಅರ್ಥ. ಕಿರುಚಿಯೂ ಪ್ರಯೋಜನವಾಗದಿದ್ದರೆ ಅವಳ ಕಾಲಬಳಿ ಇನ್ನೊಂದು ಬ್ರೇಕ್ ಇದ್ದೇ ಇತ್ತು. ಡ್ರೈವಿಂಗ್ ಶಾಲೆಯ ಕಾರುಗಳಲ್ಲಿ ಮಾತ್ರ ಇರುವ ಆ ಎರಡನೇ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ಅವಳು ಮೂವತ್ತರ ಪ್ರಾಯವನ್ನೆಲ್ಲ ಕಳೆದಿದ್ದಳು.

ಶಾಲೆ ಅವಳದೇ. ಎರಡು ಕಾರು, ಬೀದಿಯ ಮೂಲೆಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಯ ಆಫೀಸು, ಅದರ ಗೋಡೆ ತುಂಬ ರಸ್ತೆ ಚಿಹ್ನೆಗಳ ಬಣ್ಣದ ಪಟಗಳು. ಅವಳ ಕೈಯಲ್ಲಿ ಕಲಿತು ರಸ್ತೆಗಿಳಿದವರು ಊರಿನಲ್ಲಿ ಎಷ್ಟು ಜನ ಇದ್ದರೆಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಯಾರಾದರೊಬ್ಬರು ಕಿಟಕಿ ಇಳಿಸಿ ನಮಸ್ಕಾರ ಹೇಳದ ದಿನ ಇರುತ್ತಿರಲಿಲ್ಲ. ಅವಳ ಕೈಯಲ್ಲಿ ಕಲಿಯದೇ ಉಳಿದವರಲ್ಲಿ ಮೊದಲಿಗ ಅವಳ ಗಂಡ. ಮದುವೆಯಾದ ಹೊಸದರಲ್ಲಿ ಅವನಿಗೂ ಕಲಿಸಲು ಹೊರಟಿದ್ದಳು. ಎರಡನೇ ದಿನವೇ ಅವನು ನಾಲ್ಕು ರಸ್ತೆ ಕೂಡುವಲ್ಲಿ ಕಾರನ್ನು ನಿಲ್ಲಿಸಿ, ಬಾಗಿಲು ತೆಗೆದು ಇಳಿದು, "ನನಗೆ ಇದೆಲ್ಲ ಆಗಿ ಬರಲ್ಲ" ಎಂದು ಹೇಳಿ ನಡೆದುಕೊಂಡೇ ಮನೆಗೆ ಹೋಗಿಬಿಟ್ಟಿದ್ದ. ಹಿಂದಿನ ಗಾಡಿಗಳ ಹಾರ್ನಿನ ನಡುವೆ ಅವಳು ಈ ಸೀಟಿನಿಂದ ಆ ಸೀಟಿಗೆ ದಾಟಿಕೊಂಡ ಕಥೆ ಇವತ್ತಿಗೂ ಆ ಮನೆಯಲ್ಲಿ ಊಟದ ಹೊತ್ತಿನ ನಗೆಬುಗ್ಗೆ.

ಗಂಡ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿದ್ದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಯಂತ್ರಗಳು; ಹಾಸಿಗೆ ಬಟ್ಟೆ, ಡಾಕ್ಟರರ ಕೋಟು, ಪರದೆ ಎಲ್ಲ ಅಲ್ಲಿಗೇ ಬರುತ್ತಿದ್ದವು. ಮನೆಯಲ್ಲಿ ಇವರಿಬ್ಬರಲ್ಲದೆ ನಾಲ್ಕನೇ ಕ್ಲಾಸಿನ ಮಗಳು ಪುಟ್ಟಿ, ಮತ್ತೆ ಅತ್ತೆ. ಅತ್ತೆ ನೂಲಿನ ಗಿರಣಿಯಲ್ಲಿ ಜೀವ ಸವೆಸಿದವರು. ಹತ್ತಿಯ ಧೂಳು ಅವರ ಶ್ವಾಸಕೋಶದಲ್ಲಿ ಶಾಶ್ವತವಾಗಿ ಮನೆ ಮಾಡಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಚಳಿ ಬಂದರೆ ಕೆಮ್ಮು. ಆದರೆ ನಾಲಿಗೆಗೆ ಮಾತ್ರ ಯಾವ ದಣಿವೂ ಇರಲಿಲ್ಲ. ಸೊಸೆ ಹಚ್ಚಿದ ಈರುಳ್ಳಿ ದಪ್ಪ, ಸೊಸೆ ಒಗೆದ ಬಟ್ಟೆ ಒದ್ದೆ, ಸೊಸೆ ಮುಚ್ಚಿದ ಡಬ್ಬದ ಮುಚ್ಚಳ ಸಡಿಲ. ಬೀದಿಯಲ್ಲಿ ಎಂಥೆಂಥವರನ್ನೋ ಗದರಿಸುವ ಬ್ರೇಕ್ ಮೇಡಂ ಮನೆಗೆ ಬಂದರೆ ತಾನೇ ಕಲಿಯಲು ಬಂದವಳ ಹಾಗೆ ಆಗಿಬಿಡುತ್ತಿದ್ದಳು.

ರೋಗ ಮೊದಲು ಟಿವಿಯಲ್ಲಿ ಬಂತು. ಆಮೇಲೆ ದೂರದ ಊರುಗಳಿಗೆ ಬಂತು. ಒಂದು ಬೆಳಿಗ್ಗೆ ನೋಡಿದರೆ ಅಂಗಡಿ, ಶಾಲೆ, ಕಚೇರಿ ಎಲ್ಲ ಮುಚ್ಚಿ ಬೀದಿಯೆಲ್ಲ ಬಿಕೋ ಎನ್ನುತ್ತಿತ್ತು. ಕಾರು ಕಲಿಯಲು ಹೆಸರು ಬರೆಸಿದ್ದವರು ಒಬ್ಬೊಬ್ಬರಾಗಿ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದರು. ಅವರದೇನೂ ತಪ್ಪಿರಲಿಲ್ಲ. ಡಬ್ಬಿಯಂಥ ಕಾರಿನಲ್ಲಿ ಅಪರಿಚಿತರ ಪಕ್ಕದಲ್ಲಿ ಉಸಿರಿಗೆ ಉಸಿರು ತಾಗುವಂತೆ ಕೂರಲು ಯಾರಿಗೆ ತಾನೇ ಧೈರ್ಯ ಬಂದೀತು? ಅವಳಿಗೆ ಕೆಲಸ ಪೂರ್ತಿ ನಿಂತುಹೋಯಿತು. ಗಂಡನಿಗೆ ಮೈಮುರಿಯುವಷ್ಟು ಕೆಲಸ ಬಂತು.

ಮೊದಲ ಕೆಲವು ದಿನ ಅವನು ಡ್ಯೂಟಿ ಮುಗಿಸಿ ಬಂದು, ಮನೆಯ ಪಕ್ಕದ ಕಾರ್ ಶೆಡ್ಡಿನಲ್ಲೇ ಬಟ್ಟೆ ಬಿಚ್ಚಿ, ಸೋಪಿನ ನೀರಿನಲ್ಲಿ ಅದ್ದಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದ. ಬಂದವನು ಯಾರ ಹತ್ತಿರವೂ ಸುಳಿಯದೆ ಬಾಗಿಲ ಬಳಿಯೇ ನಿಲ್ಲುತ್ತಿದ್ದ. ಅತ್ತೆಯನ್ನು ನೋಡುವ ಡಾಕ್ಟರು ಫೋನಿನಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದರು: "ಇವರಿಗೆ ಬರದ ಹಾಗೆ ನೋಡ್ಕೊಳ್ಳಿ. ಬಂದ್ರೆ ತಡ್ಕೊಳ್ಳೋ ಶ್ವಾಸಕೋಶ ಅಲ್ಲ ಇದು."

"ನಾನು ಆಸ್ಪತ್ರೆ ಬೆಂಚಲ್ಲೇ ಮಲಗ್ತೀನಿ ಬಿಡು" ಎಂದ ಗಂಡ.

"ಎಷ್ಟು ದಿನ ಅಂತ ಬೆಂಚಲ್ಲಿ ಮಲಗ್ತೀರಾ? ಬೆನ್ನು ಮುರ್ಕೊಂಡು ಬಂದ್ರೆ ಆಮೇಲೆ ನಾನೇ ಎಣ್ಣೆ ತಿಕ್ಕಬೇಕು" ಎಂದಳು ಅವಳು. ಹಾಗೆಂದ ಮೇಲೆ ಅವಳಿಗೇ ಫಳಕ್ಕನೆ ಹೊಳೆಯಿತು. "ನಮ್ಮ ಆಫೀಸಿದೆಯಲ್ಲ! ಸುಮ್ನೆ ಬೀಗ ಹಾಕಿ ಬಾಡಿಗೆ ಕಟ್ಟೋ ಬದ್ಲು ನೀವೇ ಅಲ್ಲಿರಿ."

ಆಫೀಸನ್ನು ಬಿಟ್ಟುಕೊಡುವ ಯೋಚನೆಯಲ್ಲಿದ್ದಳು ಅವಳು. ಅದೀಗ ಗಂಡನ ಬಿಡಾರವಾಯಿತು. ಮೇಜನ್ನು ಗೋಡೆಗೆ ತಳ್ಳಿ ಮಡಿಸುವ ಮಂಚ ಹಾಕಿದರು. ಮೂಲೆಯಲ್ಲಿ ಒಂದು ಸಣ್ಣ ಒಲೆ, ಒಂದು ಬಕೆಟ್ಟು. ತಲೆದಿಂಬು ಬಂದದ್ದು ಸರಿಯಾಗಿ 'ಹಾರ್ನ್ ಮಾಡಬಾರದು' ಎನ್ನುವ ಪಟದ ಕೆಳಗೆ. ಅವನ ಗೊರಕೆ ಗೊತ್ತಿದ್ದ ಪುಟ್ಟಿ ಅದನ್ನು ಗಾಜಿನ ಬಾಗಿಲಿನಿಂದ ನೋಡಿ ಬಿದ್ದು ಬಿದ್ದು ನಕ್ಕಳು. ದಿನಾ ಊಟದ ಡಬ್ಬಿಯನ್ನು ಬ್ರೇಕ್ ಮೇಡಂ ಆಫೀಸಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು, ಅವನು ಬಂದು ತೆಗೆದುಕೊಳ್ಳುತ್ತಿದ್ದ. ಅಪ್ಪ ಮಗಳು ಗಾಜಿನ ಆಚೆ ಈಚೆ ನಿಂತು ಪಟದ ಆಟ ಆಡುತ್ತಿದ್ದರು. ಪುಟ್ಟಿ ಕೈಯಲ್ಲಿ ತ್ರಿಕೋನ ಮಾಡಿ ತೋರಿಸಿದರೆ ಅವನು ಚಿಹ್ನೆಯ ಅರ್ಥ ಕೂಗಿ ಹೇಳಬೇಕು. ತಿಂಗಳು ತುಂಬುವುದರೊಳಗೆ ಊರಿನ ಯಾವ ಡ್ರೈವರಿಗೂ ಗೊತ್ತಿರದಷ್ಟು ಚಿಹ್ನೆಗಳು ಅವನಿಗೆ ಬಾಯಿಪಾಠವಾಗಿದ್ದವು, ಕಾರಿನ ಕೀಲಿಯನ್ನು ಮಾತ್ರ ಮುಟ್ಟಲೊಲ್ಲ.

ಮನೆಯೊಳಗೆ ಉಳಿದ ಮೂವರಿಗೆ ಎರಡು ಕೋಣೆ, ಒಂದು ಅಡುಗೆಮನೆ. ಮಲಗುವ ಕೋಣೆಯಲ್ಲಿ ಪುಟ್ಟಿಯ ಪಾಠ ಫೋನಿನಲ್ಲಿ ನಡೆಯುತ್ತಿತ್ತು. ಹೊರಕೋಣೆಯಲ್ಲಿ ಅತ್ತೆ ತಮ್ಮ ತಂಗಿಯ ಜೊತೆ ಫೋನಿನಲ್ಲಿ ಮಾತಾಡಲು ಕೂತರೆ ಪಾಠ ಹೇಳುವ ಟೀಚರಿಗೂ ಕೇಳಿಸುತ್ತಿತ್ತು. ಒಂದು ಸಲ ಆ ಟೀಚರು, "ಯಾರದೋ ಸೊಸೆ ವಿಚಾರ ಕೇಳಿಸ್ತಿದೆ, ದಯವಿಟ್ಟು ಮ್ಯೂಟ್ ಮಾಡಿ" ಎಂದುಬಿಟ್ಟರು. ಪುಟ್ಟಿ ನಾಚಿಕೆಯಿಂದ ಅತ್ತಳು. ಬ್ರೇಕ್ ಮೇಡಂಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ ಮುಖ ಗಂಟಿಕ್ಕಿಕೊಂಡು, "ನಾನು ಮಾತಾಡೋಕೂ ಈ ಮನೇಲಿ ಜಾಗ ಇಲ್ಲ" ಎಂದು ಫೋನ್ ಹಿಡಿದು ಶೆಡ್ಡಿಗೆ ಹೋಗಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

ಅದೇ ಅಭ್ಯಾಸವಾಯಿತು. ಪುಟ್ಟಿಯ ಪಾಠ ಶುರುವಾದೊಡನೆ ಅತ್ತೆ ನೀರಿನ ಬಾಟಲಿ, ಕನ್ನಡಕ, ಫೋನು ಹಿಡಿದು ಕಾರಿಗೆ ನಡೆದರು. ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಲು ಕಷ್ಟ ಎಂದು ಮುಂದೆ, ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ತಂಗಿಯ ಮಾತು ಉದ್ದವಾದಾಗ ಕೈ ಸುಮ್ಮನಿರದೆ ಗೇರಿನ ಕೋಲನ್ನು ಅತ್ತಿತ್ತ ಆಡಿಸುತ್ತಿತ್ತು. ಬ್ರೇಕ್ ಮೇಡಂ ಒಂದು ದಿನ ಶೆಡ್ಡಿಗೆ ಬಂದಾಗ ಇದನ್ನು ನೋಡಿದಳು. ಬೇರೆ ಸಮಯವಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ಪಾಠ ಹೇಳದೆ ತಿಂಗಳಾಗಿ ಅವಳ ಬಾಯಿ ತುರಿಸುತ್ತಿತ್ತು.

"ಕ್ಲಚ್ ಒತ್ತದೆ ಗೇರ್ ಹಾಕ್ಬಾರ್ದು ಅತ್ತೆ" ಎಂದಳು.

"ಯಾವುದದು ಕ್ಲಚ್ಚು?"

"ಎಡಗಾಲಿನ ಹತ್ರ ಇರೋದು."

ಅತ್ತೆ ಕಾಲು ಚಾಚಿ ಒತ್ತಿದರು. "ನಮ್ಮ ಗಿರಣೀಲೂ ಹೀಗೇ ಒಂದು ಪೆಡಲ್ ಇತ್ತು. ಒತ್ತಿ ಹಿಡಿದ್ರೆ ನೂಲು ನಿಲ್ತಿತ್ತು, ಮೆಲ್ಲಗೆ ಬಿಟ್ರೆ ಓಡ್ತಿತ್ತು. ದಬಕ್ ಅಂತ ಬಿಟ್ರೆ ನೂಲು ತುಂಡಾಗಿ ಮೇಸ್ತ್ರಿ ಬೈತಿದ್ದ."

"ಇಲ್ಲೂ ಅಷ್ಟೇ. ದಬಕ್ ಅಂತ ಬಿಟ್ರೆ ನಾನು ಬೈತೀನಿ" ಎಂದಳು ಸೊಸೆ.

ಅತ್ತೆ ಅವಳ ಮುಖವನ್ನೇ ನೋಡಿ ಜೋರಾಗಿ ನಕ್ಕರು. ನಗುತ್ತಾ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. ಎಂಜಿನ್ ಆರಿಸಿಟ್ಟ ಕಾರಿನಲ್ಲಿ, ಕಿಟಕಿಗಳನ್ನೆಲ್ಲ ಇಳಿಸಿ, ಹೀಗೆ ಅವರಿಬ್ಬರ ಪಾಠ ಆರಂಭವಾಯಿತು. ಮನೆಯೊಳಗೆ ಸೊಸೆಯ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದ ಅತ್ತೆ, ಆ ಸೀಟಿನಲ್ಲಿ ಕೂತೊಡನೆ ಬಾಯಿ ಮುಚ್ಚಿ ಹೇಳಿದಷ್ಟನ್ನು ಮಾಡುತ್ತಿದ್ದರು. ಸೊಸೆಯೂ ಮನೆಯೊಳಗೆ ನುಂಗಿಕೊಂಡದ್ದನ್ನೆಲ್ಲ ಅಲ್ಲಿ ಸಲೀಸಾಗಿ ಆಡಿಬಿಡುತ್ತಿದ್ದಳು. "ಕನ್ನಡಿ ನೋಡಿ. ಹಿಂದೆ ಯಾರಿದಾರೆ ಅಂತ ನೋಡದೆ ಯಾವತ್ತೂ ಮುಂದೆ ಹೋಗೋರು ನೀವು." ಅತ್ತೆ ತೆಪ್ಪಗೆ ಕನ್ನಡಿ ನೋಡುತ್ತಿದ್ದರು.

ಇತ್ತ ಮನೆಯ ಖರ್ಚು ಗಂಡನ ಸಂಬಳವೊಂದರ ಮೇಲೆ ಬಿದ್ದಿತ್ತು. ಸಾಲದ ಮೇಲೆ ತಂದಿದ್ದ ಹೊಸ ಕಾರನ್ನು ಮಾರುವುದೆಂದು ಅವಳು ತೀರ್ಮಾನಿಸಿದಳು. ಹಾಗೆ ತೀರ್ಮಾನಿಸಿದ ದಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡಳು. ಅತ್ತೆ ನೋಡಿದರೂ ನೋಡದವರ ಹಾಗೆ ಇದ್ದರು, ಆಮೇಲೆ ಮಾತ್ರ, "ಹಳೇದು ಇದ್ಯಲ್ಲ, ಅದೇ ಚೆನ್ನಾಗಿದೆ. ಹೊಸದರ ಸೀಟು ಗಟ್ಟಿ" ಎಂದರು. ಹೊಸ ಕಾರು ಹೋಯಿತು, ಅದರ ಜೊತೆ ಸಾಲವೂ ಹೋಯಿತು. ಆ ವಾರ ಅವಳು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಉಳಿದ ಕಾರಿಗೆ ಕೆಲಸ ಹುಡುಕಿಕೊಟ್ಟವರು ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರು. ಅವರ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕಿತ್ತು. ಬಸ್ಸಿಲ್ಲ, ಟ್ಯಾಕ್ಸಿಯವರು ಬರಲು ಒಪ್ಪುತ್ತಿಲ್ಲ. "ಮೇಡಂ, ನೀವು ನನಗೆ ಕಾರು ಕಲಿಸೋಕಾಗ್ಲಿಲ್ಲ, ನಾನು ಅಷ್ಟು ದಡ್ಡ. ಈಗ ಕರ್ಕೊಂಡಾದ್ರೂ ಹೋಗ್ತೀರಾ?" ಎಂದು ಕೇಳಿದರು. ಅವಳು ಪೊಲೀಸ್ ಠಾಣೆಗೆ ಹೋಗಿ ಓಡಾಟದ ಪರವಾನಗಿ ಚೀಟಿ ಮಾಡಿಸಿಕೊಂಡಳು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನು ಕತ್ತರಿಸಿ ಕಟ್ಟಿದಳು. ಮೊದಲ ದಿನ ಕಿಟಕಿಯಿಂದ ಗಾಳಿ ನುಗ್ಗಿದೊಡನೆ ಆ ಪರದೆ ಹಾಯಿಯಂತೆ ಉಬ್ಬಿ ಮೇಷ್ಟ್ರ ಮುಖಕ್ಕೆ ಅಂಟಿಕೊಂಡಿತು. "ರೋಗದಿಂದ ಉಳಿದ್ರೂ ನಿಮ್ಮ ಪರದೆಯಿಂದ ಉಳಿಯೋ ಹಾಗೆ ಕಾಣಲ್ಲ" ಎಂದು ಒಳಗಿನಿಂದ ಅವರ ದನಿ ಬಂತು. ಮನೆಗೆ ಬಂದು ಅತ್ತೆಯೂ ಅವಳೂ ಕೂತು, ಅಂಚಿಗೆ ಸೊಂಟಪಟ್ಟಿಯ ರಬ್ಬರು ಹೊಲಿದು, ಕೆಳಗೆ ಭಾರಕ್ಕೆ ಹಳೆಯ ಚಮಚಗಳನ್ನು ಕಟ್ಟಿ ಸರಿಮಾಡಿದರು. ಮೇಷ್ಟ್ರ ಬಾಯಿಂದ ಬಾಯಿಗೆ ಹರಡಿ ಇನ್ನೂ ನಾಲ್ಕಾರು ಜನ ರೋಗಿಗಳು ಕರೆಯತೊಡಗಿದರು. ಬ್ರೇಕ್ ಮೇಡಂ ಮತ್ತೆ ದುಡಿಯತೊಡಗಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ನಿಯಮಗಳು ಸ್ವಲ್ಪ ಸಡಿಲವಾದವು. ಲೈಸೆನ್ಸ್ ಕಚೇರಿ ಬಾಗಿಲು ತೆರೆಯಿತು. ಅತ್ತೆ ಯಾರಿಗೂ ಹೇಳದೆ ಸೊಸೆಯೊಬ್ಬಳನ್ನೇ ಕರೆದುಕೊಂಡು ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡರು. ಫೋಟೋದಲ್ಲಿ ಅವರು ಯಾರಿಗೋ ಬೈಯಲು ಹೊರಟವರ ಹಾಗಿದ್ದರು. ಸುದ್ದಿ ಕೇಳಿ ಮಗ ಗಾಜಿನ ಆಚೆಯಿಂದ ತಲೆ ಚಚ್ಚಿಕೊಂಡ.

"ಅಮ್ಮಾ, ನಿನಗೆ ಈ ವಯಸ್ಸಲ್ಲಿ ಬೇಕಾ?"

"ನಿನಗೆ ಆ ವಯಸ್ಸಲ್ಲಿ ಬೇಡ ಆಯ್ತು. ಮನೇಲಿ ಅವಳಲ್ದೆ ಇನ್ನೊಬ್ರಿಗಾದ್ರೂ ಬರ್ಬೇಕಲ್ಲ" ಎಂದರು ಅತ್ತೆ.

ಮುಚ್ಚಿದ ಶಾಲೆಯ ಆಟದ ಬಯಲಿನಲ್ಲಿ ಅವರು ಕಾರನ್ನು ನಿಜವಾಗಿ ಓಡಿಸಿದರು. ಮೊದಲನೇ ಗೇರಿನಿಂದ ಎರಡನೆಯದಕ್ಕೆ ಚೆನ್ನಾಗಿಯೇ ಬರುತ್ತಿದ್ದರು. ಮೂರನೆಯದು ಎಂದರೆ ಮಾತ್ರ, "ಅಷ್ಟು ಅವಸರ ಯಾಕೆ? ಎಲ್ಲಿಗೆ ಹೋಗ್ಬೇಕು?" ಎಂದು ಕೈ ಹಿಂದೆ ತೆಗೆಯುತ್ತಿದ್ದರು. ಹಿಮ್ಮುಖವಾಗಿ ಹೋಗುವುದಂತೂ ಅವರಿಗೆ ಕಡೆಗೂ ಹಿಡಿಸಲಿಲ್ಲ. ಬಯಲಿನ ಸುತ್ತ ಗಾಣದ ಎತ್ತಿನಂತೆ ಎರಡನೇ ಗೇರಿನಲ್ಲಿ ಸುತ್ತಿ ಸುತ್ತಿ ಸಾಕಾದ ಮೇಲೆ ಸ್ಟಿಯರಿಂಗನ್ನು ಸೊಸೆಗೆ ಬಿಟ್ಟು ಮನೆಗೆ ಬರುತ್ತಿದ್ದರು. ಬಯಲಿನ ಸುತ್ತಲ ಮನೆಯವರು ಕಿಟಕಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಅತ್ತೆ ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದರು.

ರೋಗದ ಎರಡನೆಯ ಅಲೆ ಮೊದಲಿನದಕ್ಕಿಂತ ಜೋರಾಗಿ ಬಂತು. ಎಷ್ಟೇ ಜಾಗ್ರತೆ ಮಾಡಿದರೂ ಈ ಸಲ ಅದು ಬ್ರೇಕ್ ಮೇಡಂ ಅನ್ನೇ ಹಿಡಿಯಿತು. ಗಂಟಲು ಕೆರೆತ ಶುರುವಾದ ದಿನವೇ ಅವಳು ರೋಗಿಗಳಿಗೆಲ್ಲ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿ, ಮಲಗುವ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅತ್ತೆಗೂ ಪುಟ್ಟಿಗೂ ಹೊರಕೋಣೆ. ಪರೀಕ್ಷೆಯಲ್ಲಿ ರೋಗ ಇದೆ ಎಂದೇ ಬಂತು. ಜ್ವರಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಒಂದೇ ಯೋಚನೆ, ಅತ್ತೆಗೆ ತಗುಲಿದ್ದರೆ? ಬಾಗಿಲ ಆಚೆಯಿಂದ ಅತ್ತೆ ಕೆಮ್ಮಿದಾಗಲೆಲ್ಲ ಅವಳು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಳು.

"ಅದು ನನ್ನ ಹಳೇ ಕೆಮ್ಮೇ ಕಣೇ. ಹೊಸದಲ್ಲ. ನಿನ್ನ ಪಾಡಿಗೆ ನೀನು ಮಲಗು" ಎಂದು ಅತ್ತೆ ಬಾಗಿಲಿಗೆ ಬಾಯಿಟ್ಟು ಹೇಳುತ್ತಿದ್ದರು. ಸೂಪಿನ ಬಟ್ಟಲನ್ನು ಹೊಸ್ತಿಲ ಬಳಿ ಇಟ್ಟು ಬಾಗಿಲು ತಟ್ಟಿ ದೂರ ಹೋಗುತ್ತಿದ್ದರು. ಬಟ್ಟಲು ಖಾಲಿಯಾಗದೆ ಬಂದರೆ ಬೈಗುಳ ಗ್ಯಾರಂಟಿ.

ವಾರ ಕಳೆಯುವ ಹೊತ್ತಿಗೆ ಜ್ವರ ಇಳಿಯಿತು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಉಸಿರು ಕೈಕೊಟ್ಟಿತು. ಬೆಳಗಿನ ತಿಂಡಿಯ ಹೊತ್ತು ಅದು. ಅವಳು ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಸಿಕ್ಕಿಸಿಕೊಂಡು ನೋಡಿದಳು. ಅಂಕಿ ತೊಂಬತ್ತಕ್ಕಿಂತ ಕೆಳಗಿತ್ತು. ಕ್ಲಿಪ್ ಕೆಟ್ಟಿರಬೇಕು ಎಂದು ಇನ್ನೊಂದು ಬೆರಳಿಗೆ ಹಾಕಿದಳು. ಅಂಕಿ ಮೇಲೇಳಲಿಲ್ಲ. ಬಾಗಿಲು ತೆಗೆದು ಗೋಡೆ ಹಿಡಿದು ನಿಂತವಳನ್ನು ನೋಡಿದ ಅತ್ತೆಗೆ ಬೇರೇನೂ ಹೇಳಬೇಕಾಗಲಿಲ್ಲ. ಉಸಿರು ಸಿಗದ ಮುಖ ಹೇಗಿರುತ್ತದೆ ಎನ್ನುವುದು ಅವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದರೆ, ಮುಂದೆ ಬಹಳ ಜನ ಇದ್ದಾರೆ, ಮಧ್ಯಾಹ್ನವಾಗಬಹುದು ಎಂದರು. ಗಂಡ ಡ್ಯೂಟಿಯಲ್ಲಿದ್ದ, ನೆಲಮಾಳಿಗೆಯಲ್ಲಿ ಫೋನ್ ಸಿಗುತ್ತಿರಲಿಲ್ಲ. ಅತ್ತೆ ಫೋನ್ ಕೆಳಗಿಟ್ಟು, ಪುಟ್ಟಿಯನ್ನು ನೋಡಿಕೊಳ್ಳಲು ಮಹಡಿಯ ಮನೆಯಾಕೆಗೆ ಕೂಗಿ ಹೇಳಿ, ಅವಳ ಮೆಟ್ಟಿಲ ಬಳಿ ಕೂರಿಸಿ, ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು ಕಾರಿನ ಕೀಲಿ ತೆಗೆದುಕೊಂಡರು.

"ಬೇಡ ಅತ್ತೆ" ಎಂದಳು ಬ್ರೇಕ್ ಮೇಡಂ. "ನಿಮಗೆ ತಗುಲತ್ತೆ."

"ತಗುಲಿದ್ರೆ ಆಮೇಲೆ ನೋಡ್ಕೊಳ್ಳೋಣ. ಹತ್ತು."

"ನೀವು ರಸ್ತೆ ಮೇಲೆ ಓಡ್ಸೇ ಇಲ್ಲ."

"ಪಕ್ಕದಲ್ಲಿ ನೀನು ಇರ್ತೀಯಲ್ಲ. ನಿನ್ನ ಕಾಲ ಹತ್ರ ಬ್ರೇಕ್ ಇಲ್ವಾ? ಹತ್ತು ಅಂದ್ನಲ್ಲ!"

ಹಿಂದಿನ ಸೀಟಿನಲ್ಲಿ ಪರದೆಯ ಆಚೆ ಮಲಗುವುದೇ ಕ್ಷೇಮ ಎಂದು ಅವಳಿಗೆ ತಿಳಿದಿತ್ತು. ಆದರೆ ಹಾಗೆ ಮಾಡಿದರೆ ಎರಡನೇ ಬ್ರೇಕ್ ಕಾಲಿಗೆ ಸಿಗುವುದಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿದರು. ಅವಳು ತನ್ನ ಸೀಟಿನಲ್ಲೇ ಕೂತು, ಉಸಿರು ಅತ್ತೆಯ ಕಡೆ ಹೋಗದಂತೆ ಮುಖವನ್ನು ಕಿಟಕಿಯ ಹೊರಗೆ ಚಾಚಿದಳು. ಶೆಡ್ಡಿನಿಂದ ಹಿಂದಕ್ಕೆ ತೆಗೆಯುವುದೇ ಮೊದಲ ಕಂಟಕ. ಅತ್ತೆಗೆ ಹಿಡಿಸದ ಹಿಮ್ಮುಖ ಗೇರು! ಬಂಪರ್ ಕಂಬಕ್ಕೆ ಸವರಿ ಕರ್ರೆಂದಿತು. "ಹೋಗ್ಲಿ ಬಿಡಿ" ಎಂದಳು ಸೊಸೆ. ಅಷ್ಟು ವರ್ಷಗಳಲ್ಲಿ ಕಾರಿಗೆ ಗೀರು ಬಿದ್ದಾಗ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ರಸ್ತೆ ಖಾಲಿ ಇತ್ತು. ಅತ್ತೆ ಎರಡನೇ ಗೇರಿಗೆ ಬಂದರು, ಅಲ್ಲೇ ನಿಂತರು. ಎಂಜಿನ್ ಅರಚಿಕೊಳ್ಳುತ್ತಿತ್ತು. ಮೂರನೆಯದು ಹಾಕಿ ಎಂದು ಹೇಳಲು ಬ್ರೇಕ್ ಮೇಡಂ ಬಾಯಿ ತೆರೆದಳು, ಅಷ್ಟು ಮಾತಿಗೆ ಉಸಿರಿರಲಿಲ್ಲ. ಕೈಯಲ್ಲಿ ಸನ್ನೆ ಮಾಡಿ ದಾರಿ ತೋರಿಸಿದಳು. ಅತ್ತೆ ಸ್ಟಿಯರಿಂಗಿಗೆ ಎದೆ ತಾಗುವಷ್ಟು ಮುಂದೆ ಬಾಗಿ, ತುಟಿಯಲ್ಲಿ ತಾವೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು: "ಕನ್ನಡಿ. ಕ್ಲಚ್ಚು. ಮೆಲ್ಲಗೆ. ಕನ್ನಡಿ."

ಸೇತುವೆಯ ಬುಡದಲ್ಲಿ ಪೊಲೀಸರ ತಡೆ. ಪೇದೆಯೊಬ್ಬ ಕೈ ಅಡ್ಡ ಹಿಡಿದ. ಕಾರಿನ ಮೇಲಿನ ಡ್ರೈವಿಂಗ್ ಶಾಲೆಯ ಬೋರ್ಡು ನೋಡಿದ, ಸ್ಟಿಯರಿಂಗ್ ಹಿಡಿದ ನರೆಗೂದಲಿನ ಹೆಂಗಸನ್ನು ನೋಡಿದ.

"ಏನಜ್ಜಿ ಇದು? ಕಾರು ಕಲಿಯೋಕೆ ಇದಾ ಸಮಯ?"

"ಕಲಿಸೋಳಿಗೇ ಉಸಿರು ಸಿಕ್ತಿಲ್ಲ ಕಣಪ್ಪ. ಆಸ್ಪತ್ರೆಗೆ ಹೋಗ್ತಿದೀನಿ. ಬೇಗ ಬಿಡು, ಏರಲ್ಲಿ ನಿಲ್ಸಿದ್ರೆ ನನಗೆ ಮತ್ತೆ ಎಬ್ಸೋಕೆ ಬರಲ್ಲ."

ಪೇದೆ ಬಗ್ಗಿ ಪಕ್ಕದ ಸೀಟಿಗೆ ಕಣ್ಣು ಹಾಯಿಸಿದ. ಮಾಸ್ಕಿನ ಮೇಲಿನ ಅವನ ಕಣ್ಣು ದೊಡ್ಡದಾಯಿತು. "ಅಯ್ಯೋ, ಬ್ರೇಕ್ ಮೇಡಂ ಅಲ್ವಾ! ನಾನು ನಿಮ್ಮ ಹತ್ರಾನೇ ಕಲ್ತಿದ್ದು" ಎಂದವನು ಅಡ್ಡಗಟ್ಟೆಯನ್ನು ತಾನೇ ಎಳೆದು ಬದಿಗೆ ಹಾಕಿದ.

ಆದರೆ ಅಷ್ಟರಲ್ಲಿ ಎಂಜಿನ್ ನಿಂತುಹೋಗಿತ್ತು. ಅತ್ತೆ ಮತ್ತೆ ಕೀಲಿ ತಿರುಗಿಸಿದರು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಅತ್ತೆ ಹೋ ಎಂದರು. ಬ್ರೇಕ್ ಮೇಡಂ ಇದ್ದ ಬಲವನ್ನೆಲ್ಲ ಬಲಗಾಲಿಗೆ ತಂದು ತನ್ನ ಕಡೆಯ ಬ್ರೇಕನ್ನು ಒತ್ತಿ ಹಿಡಿದಳು. ಕಾರು ನಿಂತಿತು. ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆದರೂ ಬೆರಳುಗಳನ್ನು ಅರ್ಧ ಮಡಿಸಿ, ಕ್ಲಚ್ ಅರ್ಧ ಬಿಡಿ ಎಂದು ತೋರಿಸಿದಳು.

"ಗೊತ್ತು, ಗೊತ್ತು. ನೂಲು ತುಂಡಾಗ್ಬಾರ್ದು" ಎಂದರು ಅತ್ತೆ.

ಎಂಜಿನ್ನಿನ ದನಿ ತಗ್ಗಿ ಗುಡುಗತೊಡಗಿದಾಗ ಅವಳು ಮೆಲ್ಲನೆ ಪಾದ ಎತ್ತಿದಳು. ಕಾರು ತಿಣುಕುತ್ತಾ ಏರನ್ನು ಹತ್ತಿತು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಗಾಲಿ ಕುರ್ಚಿಗೆ ಇಳಿಸಿಕೊಂಡರು. ಅವಳು ಕೊನೆಯದಾಗಿ ನೋಡಿದ್ದು, ಗೇಟಿಗೆ ಅಡ್ಡಡ್ಡ ನಿಂತ ಕಾರನ್ನು ತೆಗೆಯಿರಿ ಎಂದು ಕೂಗುತ್ತಿದ್ದ ಕಾವಲುಗಾರ, ಮತ್ತು "ಹಿಂದಕ್ಕೆ ತೆಗೆಯೋದು ನನ್ನ ಕೈಲಾಗಲ್ಲ, ಬೇಕಾದ್ರೆ ನೀನೇ ತೆಗಿ" ಎಂದು ಅವನಿಗೆ ಕೀಲಿ ಎಸೆದ ಅತ್ತೆ.

ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು. ಮುಖಕ್ಕೆ ಮಾಸ್ಕ್ ಕಟ್ಟಿ ಆಮ್ಲಜನಕ ಬಿಟ್ಟರು, ಬೋರಲು ಮಲಗಿಸಿದರು. ಮೊದಲ ಎರಡು ದಿನ ಅವಳಿಗೆ ಹಗಲೂ ಇರುಳೂ ಒಂದಾಗಿದ್ದವು. ಗಂಡನಿಗೆ ಸುದ್ದಿ ತಲುಪಿ, ಅವನು ಮೇಲೆ ಬರಲು ಕೇಳಿದರೆ ಬಿಡಲಿಲ್ಲ. ಅವನು ಬಟ್ಟೆ ತಳ್ಳುವ ಗಾಡಿಯವನ ಕೈಯಲ್ಲಿ ಮಾತು ಕಳಿಸಿದ. ನರ್ಸು ಬಂದು ನಗುತ್ತಾ ಹೇಳಿದಳು: "ಕೆಳಗಡೆಯಿಂದ ನಿಮ್ಮೋರು ಹೇಳಿ ಕಳಿಸಿದಾರೆ. ಹೆದರ್ಬೇಡ, ನಿನ್ನ ಹಾಸಿಗೆ ಬಟ್ಟೇನ ನಾನೇ ಒಗೆದಿದೀನಿ, ಕಲೆ ಇದ್ರೆ ವಾಪಸ್ ಕಳಿಸು ಅಂತ." ಅವಳು ಮಾಸ್ಕಿನೊಳಗೆ ನಕ್ಕಳು. ನಕ್ಕರೂ ಉಸಿರು ತಪ್ಪಲಿಲ್ಲ. ಅದನ್ನು ನರ್ಸು ಗಮನಿಸಿದಳು, ಅವಳೂ ಗಮನಿಸಿದಳು.

ಉಸಿರು ದಿನದಿಂದ ದಿನಕ್ಕೆ ಮರಳಿ ಬಂತು. ಮನಸ್ಸು ಮಾತ್ರ ಹಗುರಾಗಲಿಲ್ಲ. ಆ ಕಾರಿನೊಳಗೆ ಅತ್ತೆ ತನ್ನ ಪಕ್ಕದಲ್ಲಿ ಕೂತಿದ್ದರು. ಕಿಟಕಿ ತೆರೆದಿತ್ತು, ನಿಜ. ಎರಡು ಮಾಸ್ಕ್ ಇತ್ತು, ನಿಜ. ಆದರೂ ಆ ಶ್ವಾಸಕೋಶ! ಅತ್ತೆಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ಅವಳು ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು, ಅದು ಅಲುಗಿದರೂ ಬೆಚ್ಚುತ್ತಿದ್ದಳು. ಕಡೆಗೆ ಒಂದು ಮಧ್ಯಾಹ್ನ ಅತ್ತೆಯೇ ಫೋನ್ ಮಾಡಿದರು.

"ಇಲ್ವಂತೆ ಕಣೇ."

"ಏನಿಲ್ವಂತೆ ಅತ್ತೆ? ಸರಿಯಾಗಿ ಹೇಳಿ."

"ನನಗೂ ಇಲ್ಲ, ಪುಟ್ಟಿಗೂ ಇಲ್ಲ. ಎರಡನೇ ಸಲಾನೂ ನೋಡಿದ್ರಂತೆ. ನನ್ನ ಶ್ವಾಸಕೋಶದಲ್ಲಿ ಹತ್ತಿ ಬಿಟ್ರೆ ಬೇರೆ ಯಾರಿಗೂ ಜಾಗ ಇಲ್ಲ."

ಬ್ರೇಕ್ ಮೇಡಂ ಫೋನನ್ನು ಎದೆಗೊತ್ತಿಕೊಂಡು, ವಾರ್ಡಿನ ಎಲ್ಲರ ಎದುರು ಹೋ ಎಂದು ಅತ್ತಳು. ಪಕ್ಕದ ಹಾಸಿಗೆಯ ಹೆಂಗಸು ಗಾಬರಿಯಾಗಿ ಗಂಟೆ ಒತ್ತಿದಳು. ಓಡಿ ಬಂದ ನರ್ಸಿಗೆ ಅವಳು ಅಳುತ್ತಲೇ, "ಏನೂ ಆಗಿಲ್ಲ, ಯಾರಿಗೂ ಏನೂ ಆಗಿಲ್ಲ" ಎಂದಳು. ಆ ಸಂಜೆ ಕೊಟ್ಟ ಊಟವನ್ನು ಪೂರ್ತಿ ತಿಂದು, ಇನ್ನೂ ಇದೆಯಾ ಎಂದು ಕೇಳಿದಳು.

ಅವಳು ಮನೆಗೆ ಬಂದಾಗ ಇನ್ನೂ ಕೋಣೆಯಿಂದ ಅಡುಗೆಮನೆಗೆ ನಡೆಯಲು ಕುರ್ಚಿ ಹಿಡಿದುಕೊಳ್ಳಬೇಕಿತ್ತು. ಅತ್ತೆ ತಮ್ಮ ಹಳೆಯ ಉಸಿರಾಟದ ವ್ಯಾಯಾಮಗಳನ್ನೆಲ್ಲ ಅವಳಿಗೆ ಕಲಿಸಲು ಕೂತರು. ತುಟಿ ಸಣ್ಣ ಮಾಡಿ ಊದು, ಹೊಟ್ಟೆಯಿಂದ ಎಳಿ, ಅವಸರ ಮಾಡ್ಬೇಡ. ಪಾಠದಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. ಪುಟ್ಟಿ ಪಕ್ಕದಲ್ಲಿ ಕೂತು ಬಲೂನು ಊದಿ ಇಬ್ಬರನ್ನೂ ಸೋಲಿಸುತ್ತಿದ್ದಳು. ಲಸಿಕೆ ಬಂತು. ಆಸ್ಪತ್ರೆಯವರಿಗೆ ಮೊದಲು ಸಿಕ್ಕಿತು, ಆಮೇಲೆ ಅತ್ತೆಗೆ, ಆಮೇಲೆ ಅವಳಿಗೂ. ಗಂಡ ಮಡಿಸುವ ಮಂಚವನ್ನು ತಲೆಯ ಮೇಲೆ ಹೊತ್ತುಕೊಂಡು ಹಗಲು ಹೊತ್ತಿನಲ್ಲೇ ಬೀದಿಯ ತುಂಬ ನಡೆದು ಮನೆಗೆ ವಾಪಸಾದ. ಆವತ್ತು ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ಊಟ ಮಾಡಿದರು. ಪುಟ್ಟಿ ಊಟ ಮುಗಿಯುವವರೆಗೂ ಅಪ್ಪನ ತೋಳಿಗೆ ಒರಗಿಯೇ ಇದ್ದಳು. ಅವನು ಎಡಗೈಯಲ್ಲಿ ತಿನ್ನುವುದು ಹೇಗೆಂದು ಆವತ್ತೇ ಕಲಿತ.

ಆಫೀಸಿನ ಕೋಣೆಯನ್ನು ಬಿಟ್ಟುಕೊಟ್ಟರು. ಶಾಲೆಯ ಬೋರ್ಡು ಮನೆಯ ಶೆಡ್ಡಿಗೆ ಬಂತು. ಒಂದೇ ಕಾರು ಸಾಕು ಎನ್ನುವುದು ಈಗ ಅವಳಿಗೆ ಮನದಟ್ಟಾಗಿತ್ತು. ಡ್ರಾಯಿಂಗ್ ಮೇಷ್ಟ್ರು ಬೋರ್ಡಿಗೆ ಪುಕ್ಕಟೆಯಾಗಿ ಹೊಸ ಬಣ್ಣ ಬಳಿದುಕೊಟ್ಟರು. ರೋಗಿಗಳನ್ನು ಕರೆದೊಯ್ಯುವ ಕೆಲಸವನ್ನೂ ಅವಳು ಬಿಡಲಿಲ್ಲ. ಬೆಳಿಗ್ಗೆ ರೋಗಿಗಳು, ಸಂಜೆ ಕಲಿಯುವವರು.

ಕೊನೆಯ ತಪಾಸಣೆಗೆ ಎಲ್ಲರೂ ಒಟ್ಟಿಗೇ ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಕೊಳವೆಗೆ ಊದಿಸಿದರು, ಎಕ್ಸರೇ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಂಡ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಶ್ವಾಸಕೋಶ ತಿಳಿಯಾಗಿದೆ. ಇನ್ನು ನೀವು ಬರ್ಬೇಕಾಗಿಲ್ಲ" ಎಂದರು ಡಾಕ್ಟರು.

ಹೊರಗೆ ಬಂದಾಗ ಬಿಸಿಲು ಹಿತವಾಗಿತ್ತು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕಾಗದದ ಲೋಟಗಳಲ್ಲಿ ಟೀ ತೆಗೆದುಕೊಂಡು, ಕಾರಿಗೆ ಒರಗಿ ನಿಂತು ಕುಡಿದರು. ಅತ್ತೆ ಟೀಗೆ ಸಕ್ಕರೆ ಕಮ್ಮಿ ಎಂದರು. ಪುಟ್ಟಿ ಬಿಸ್ಕತ್ತು ಅದ್ದಿ ಅದ್ದಿ ಅರ್ಧವನ್ನು ಲೋಟದೊಳಗೇ ಬೀಳಿಸಿಕೊಂಡಳು. ಅಷ್ಟರಲ್ಲಿ ಬ್ರೇಕ್ ಮೇಡಂನ ಫೋನ್ ಹೊಡೆದುಕೊಂಡಿತು. ಯಾರೋ ಹೊಸಬರು.

"ಹೌದು, ಕಲಿಸ್ತೀನಿ" ಎಂದಳು ಅವಳು. "ವಯಸ್ಸಾ? ಅರವತ್ತು ದಾಟಿದ್ರೆ ಏನಾಯ್ತು, ಬನ್ನಿ. ಇಲ್ಲ, ಹೆದರಿಕೆ ಎಲ್ರಿಗೂ ಇರತ್ತೆ. ಸೋಮವಾರ ಬೆಳಿಗ್ಗೆ ಬನ್ನಿ, ಮೆತ್ತಗಿನ ಚಪ್ಪಲಿ ಹಾಕ್ಕೊಂಡು ಬನ್ನಿ."

ಫೋನ್ ಜೇಬಿಗಿಟ್ಟು ಅವಳು ಉಳಿದ ಟೀಯನ್ನು ಗುಟುಕರಿಸಿದಳು. ಅದು ಆರಿ ತಣ್ಣಗಾಗಿತ್ತು. ಅಂಗಡಿಯವನಿಗೆ ಕೈಯೆತ್ತಿ ಇನ್ನೊಂದು ಲೋಟ ಹೇಳಿದಳು.